ಮುಂಗುಸಿ ಪಾರ್ಟಿ

ನಮ್ಮಣ್ಣ ತನ್ನ ಹರೆಯದ ವರ್ಷಗಳನ್ನೆಲ್ಲ ಜಪಾನಿನ ಒಂದು ಕಂಪನಿಗಾಗಿ ಜಗಳಾಡುತ್ತ ಕಳೆದ. ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಡಬ್ಬಿಗಳನ್ನು ಮಾಡುವ ಕಂಪನಿ ಅದು. ಅದರ ಹೆಸರನ್ನು ಬೈಲಹೊಂಗಲದಲ್ಲಿ ಸರಿಯಾಗಿ ಹೇಳುವವರು ಅಣ್ಣನೊಬ್ಬನನ್ನು ಬಿಟ್ಟರೆ ಇರಲಿಲ್ಲ. ಅದರ ಆಟವೊಂದರಲ್ಲಿ ಗುಡ್ಡ ಕಣಿವೆ ದಾಟಿ ಓಡುವ ಒಂದು ಪ್ರಾಣಿ ಇತ್ತು, ನಮ್ಮ ಹುಡುಗರ ಕಣ್ಣಿಗೆ ಅದು ಮುಂಗುಸಿಯಂತೆ ಕಂಡಿತು. ಹಾಗಾಗಿ ಡಬ್ಬಿಗೂ ಮುಂಗುಸಿ, ಕಂಪನಿಗೂ ಮುಂಗುಸಿ, ಆ ಡಬ್ಬಿಯ ಪರವಾಗಿ ಮಾತಾಡುವವರೆಲ್ಲ ಮುಂಗುಸಿ ಪಾರ್ಟಿ.

ಬಜಾರದಲ್ಲಿ ಅಪ್ಪನದು ಬಾಂಡೆ ಅಂಗಡಿ. ಸ್ಟೀಲಿನ ಕೊಡ, ತಾಮ್ರದ ಹಂಡೆ, ಮದುವೆಗೆ ಕೊಡುವ ತಾಟು, ಬಟ್ಟಲಿನಂಥ ವಾಟಗ. ಅಂಗಡಿಯ ಮಗ್ಗುಲಿಗೆ ಒಂದು ಸಣ್ಣ ಕೋಣೆ ಇತ್ತು. ಹೊಸ ಸಾಮಾನು ಬಂದಾಗ ಅದರ ಜೊತೆ ಬರುವ ಭತ್ತದ ಹುಲ್ಲು, ಖಾಲಿ ರಟ್ಟಿನ ಖೋಕೆಗಳನ್ನು ಅಲ್ಲಿ ಒಗೆದಿಡುತ್ತಿದ್ದರು. ಅಣ್ಣ ಪಿಯುಸಿ ಎರಡನೇ ವರ್ಷದಲ್ಲಿ ಫೇಲಾಗಿ ಮನೆಯಲ್ಲಿ ಕುಳಿತ ಮೇಲೆ, ಆ ಕೋಣೆಯನ್ನು ಖಾಲಿ ಮಾಡಿಕೊಡುವಂತೆ ಅಪ್ಪನನ್ನು ಕೇಳಿದ. ಕೇಳಲು ಅವನು ಒಬ್ಬನೇ ಹೋಗಲಿಲ್ಲ, ಗೆಳೆಯನನ್ನು ಕರೆದುಕೊಂಡು ಹೋದ. ಮಾತಾಡಿದ್ದೆಲ್ಲ ಗೆಳೆಯನೇ.

ಆ ಗೆಳೆಯ ನಮ್ಮ ಹಿಂದಿನ ಓಣಿಯವನು. ಅವನ ಅಬ್ಬಾ ಸವದತ್ತಿ ಯರಗಟ್ಟಿ ರಸ್ತೆಯಲ್ಲಿ ಟೆಂಪೋ ಓಡಿಸುತ್ತಿದ್ದರು. ಒಂದನೇ ಇಯತ್ತೆಯಿಂದ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತವರು. ಪಿಯುಸಿಯಲ್ಲಿ ಫೇಲಾದದ್ದೂ ಕೂಡಿಯೇ. ಆಮೇಲೆ ಇಬ್ಬರೂ ಒಂದು ರೇಡಿಯೋ ಟಿವಿ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತರು. ನಮ್ಮವ್ವನನ್ನು ಅವನೂ ಅವ್ವಾ ಎಂದೇ ಕರೆಯುತ್ತಿದ್ದ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ಅಣ್ಣ ಮಾತು ಕಡಿಮೆಯ ಮನುಷ್ಯ. ನಾಲ್ಕು ಜನರ ಮುಂದೆ ನಿಂತರೆ ಬೆನ್ನು ಬಾಗಿಬಿಡುತ್ತಿತ್ತು. ಗೆಳೆಯ ಪಕ್ಕದಲ್ಲಿದ್ದರೆ ಮಾತ್ರ ಅವನಿಗೆ ಧೈರ್ಯ.

ಇಬ್ಬರೂ ಕೂಡಿ ಬೆಳಗಾವಿಯಿಂದ ಮುಂಗುಸಿ ಕಂಪನಿಯ ಕರಿ ಡಬ್ಬಿಯನ್ನು ತಂದ ದಿನ ನಾನು ಆಗಷ್ಟೇ ಹೈಸ್ಕೂಲಿಗೆ ಸೇರಿದ್ದೆ. ಹುಲ್ಲಿನ ವಾಸನೆ ಇನ್ನೂ ಹೋಗಿರದ ಆ ಕೋಣೆಯಲ್ಲಿ ಹಳೆಯ ಟಿವಿಯೊಂದನ್ನಿಟ್ಟು, ಡಬ್ಬಿಯ ಬಾಯಿಗೆ ಕ್ಯಾಸೆಟ್ ಒತ್ತಿದರು. ಮುಂಗುಸಿ ಓಡತೊಡಗಿತು. ಬಾಗಿಲಲ್ಲಿ ಬಜಾರದ ಅರ್ಧ ಮಂದಿ ನಿಂತಿದ್ದರು. ರಿಮೋಟ್ ಅಣ್ಣನ ಕೈಯಲ್ಲಿತ್ತು. ಅಷ್ಟು ಜನ ನೋಡುತ್ತಿದ್ದರೂ ಅವನ ಬೆನ್ನು ನೆಟ್ಟಗಿದ್ದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಅಪ್ಪ ಮಾತ್ರ ಅಂಗಡಿಯ ಗಲ್ಲೆಯ ಮೇಲೆ ಕೂತಲ್ಲಿಂದಲೇ ಕತ್ತು ಚಾಚಿ ನೋಡಿ, ಇದರಾಗ ಏನ್ ಹುಟ್ಟತೈತಿ ಎಂದು ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು.

ಸಾಲೆ ಬಿಟ್ಟ ಕೂಡಲೇ ಹುಡುಗರು, ತಾಸಿಗಿಷ್ಟೆಂದು ದುಡ್ಡು ಕೊಟ್ಟು ಆಡಲು, ಪಾಟಿಚೀಲ ಹೆಗಲಿಗೇರಿಸಿಕೊಂಡೇ ಬಂದು ಬೀಳುತ್ತಿದ್ದರು. ಹುಡುಗಿಯರು ಬರುತ್ತಿರಲಿಲ್ಲ, ಬರುವಂತೆಯೂ ಇರಲಿಲ್ಲ. ನನ್ನ ಪಾಳಿ ಭಾನುವಾರ ಮಧ್ಯಾಹ್ನ. ಹುಡುಗರೆಲ್ಲ ಊಟಕ್ಕೆ ಹೋದಾಗ ಅಣ್ಣ ಶಟರ್ ಅರ್ಧ ಇಳಿಸಿ ನನ್ನನ್ನು ಕೂರಿಸುತ್ತಿದ್ದ. ಅವ್ವ ಗೊಣಗುತ್ತಿದ್ದಳು, ಆದರೆ ತಡೆಯಲಿಲ್ಲ. ಆಟದಲ್ಲಿ ನನ್ನ ಕೈ ಚೆನ್ನಾಗಿತ್ತು. ಮುಂಗುಸಿ ನೀರಿನ ಸುರಂಗದೊಳಗೆ ಇಳಿಯುವ ಜಾಗವನ್ನು ಅಣ್ಣನಿಗಿಂತ ಮೊದಲು ದಾಟಿದವಳು ನಾನು. ಗೆಳೆಯ ಅದನ್ನು ಬಂದವರಿಗೆಲ್ಲ ಹೇಳಿ ಅಣ್ಣನನ್ನು ಕಾಡಿಸುತ್ತಿದ್ದ.

ಬೆಳಗಾವಿಯ ಒಂದು ರದ್ದಿ ಅಂಗಡಿಯಲ್ಲಿ ಅಣ್ಣನಿಗೆ ವಿಡಿಯೋ ಗೇಮುಗಳ ಇಂಗ್ಲಿಷ್ ಮಾಸಿಕಗಳು ಸಿಗತೊಡಗಿದವು. ಎಲ್ಲ ಹಳೆಯವು, ಕೆಲವಕ್ಕೆ ರಟ್ಟು ಇರಲಿಲ್ಲ. ಅವನ್ನು ಓದಿ ಹೇಳುವ ಕೆಲಸ ನನ್ನದು. ಅರ್ಥವಾಗದ ಕಡೆ ನಾನು ಅಂದಾಜಿನ ಮೇಲೆ ಹೇಳುತ್ತಿದ್ದೆ, ಅವನು ನಂಬುತ್ತಿದ್ದ. ಮುಂಗುಸಿ ಕಂಪನಿಗೆ ಎದುರಾಳಿಗಳಿದ್ದಾರೆ, ಅಮೆರಿಕದಲ್ಲಿ ಇಂಗ್ಲೆಂಡಿನಲ್ಲಿ ಹುಡುಗರು ನಮ್ಮದು ಹೆಚ್ಚು ನಿಮ್ಮದು ಹೆಚ್ಚು ಎಂದು ಸಾಲೆಗಳಲ್ಲಿ ಕಚ್ಚಾಡುತ್ತಾರೆ ಎಂಬುದು ನಮಗೆ ತಿಳಿದದ್ದು ಅಲ್ಲಿಂದಲೇ. ಅಣ್ಣನಿಗೆ ಅದೆಷ್ಟು ಸಂತೋಷವಾಯಿತೆಂದರೆ, ಆ ಪುಟವನ್ನು ಮತ್ತೆ ಓದಿಸಿದ. ಆವತ್ತಿನಿಂದ ಅವನ ಬಾಯಲ್ಲಿ ‘ಆ ಕಂಪನಿ’ ಹೋಗಿ ‘ನಮ್ಮ ಕಂಪನಿ’ ಬಂತು. ಬೋರ್ಡು ಬರೆಯುವವನನ್ನು ಕರೆಸಿ ಶಟರಿನ ಮೇಲೆ ಓಡುವ ಮುಂಗುಸಿಯ ಚಿತ್ರ ಬರೆಸಿದ. ಅದು ಮುಂಗುಸಿಗಿಂತ ಹೆಚ್ಚಾಗಿ ನಾಯಿಯಂತಿತ್ತು.

ಒಡಕು ಬಂದದ್ದು ಅದಾದ ಒಂದೆರಡು ವರ್ಷಗಳಿಗೆ. ಗೆಳೆಯ ಹುಬ್ಬಳ್ಳಿಗೆ ಬೀಗರ ಮನೆಗೆ ಹೋದವನು ಅಲ್ಲಿ ಬೇರೊಂದು ಕಂಪನಿಯ ಡಬ್ಬಿಯನ್ನು ನೋಡಿ ಬಂದ. ಬೂದು ಬಣ್ಣದ್ದು, ಕ್ಯಾಸೆಟ್ ಬದಲು ಸೀಡಿ ಹಾಕುವಂಥದ್ದು. ನಮ್ಮ ಪಡಸಾಲೆಯಲ್ಲಿ ಕೂತು ಅದನ್ನು ಬಣ್ಣಿಸಿದ. ಅದರಲ್ಲಿ ಮನುಷ್ಯರು ಮನುಷ್ಯರಂತೆಯೇ ಕಾಣುತ್ತಾರೆ, ಕಾರು ಓಡಿಸಿದರೆ ರಸ್ತೆ ನಿಜವಾಗಿ ತಿರುಗುತ್ತದೆ, ಸೀಡಿಗಳು ಎಲ್ಲಿ ಬೇಕಾದಲ್ಲಿ ಅಗ್ಗಕ್ಕೆ ಸಿಗುತ್ತವೆ ಎಂದ. ನಾನು ಅವ್ವನ ಜೊತೆ ಜೋಳ ಹಸನು ಮಾಡುತ್ತ ಕೂತಿದ್ದೆ. ಅಣ್ಣ ಎಲ್ಲ ಕೇಳಿ, ನಮ್ಮ ಕಂಪನಿಯೂ ಹೊಸದನ್ನು ತೆಗೆಯುತ್ತದೆ, ಅಲ್ಲಿಯವರೆಗೆ ತಡೆಯೋಣ ಎಂದ.

“ನಮ್ಮ ಕಂಪನಿ ಅಂದ್ರ ಯಾವ್ದಲೇ?” ಎಂದ ಗೆಳೆಯ. ಅವನು ನಗುತ್ತಲೇ ಕೇಳಿದ. “ನಿಮ್ಮಪ್ಪಂದೇನು ಅದು? ನಾವು ಗಿರಾಕಿ ಅದೀವಿ, ಅಷ್ಟ.”

ಅಣ್ಣ ನಗಲಿಲ್ಲ. “ನೀ ಗಿರಾಕಿ ಇರಬೇಕು,” ಎಂದ. “ನಾ ಅಲ್ಲ.”

ಗೆಳೆಯ ಅವ್ವನ ಕಡೆ ತಿರುಗಿ, ನೀವಾದರೂ ಹೇಳ್ರಿ ಅವ್ವಾ ಇವಗ ಎಂದ. ಅವ್ವನಿಗೆ ಮಾತಿನ ತಲೆಬುಡ ತಿಳಿಯಲಿಲ್ಲ. ಇಬ್ಬರಿಗೂ ಚಹಾ ಕೊಟ್ಟಳು. ಗೆಳೆಯ ಕುಡಿದ, ಅಣ್ಣ ಮುಟ್ಟಲಿಲ್ಲ.

ಮುಂದಿನ ದಸರೆಯ ಹೊತ್ತಿಗೆ ಗೆಳೆಯ ಬಸ್ ಸ್ಟ್ಯಾಂಡಿನ ಎದುರು ಬೇರೆ ಅಂಗಡಿ ಹಾಕಿದ. ಅಣ್ಣ ಆ ಡಬ್ಬಿಗೆ ‘ಬೂದಿ’ ಎಂದು ಹೆಸರಿಟ್ಟ, ಬೈಯಲೆಂದು ಇಟ್ಟ ಹೆಸರನ್ನು ಆ ಕಡೆಯವರೇ ಅಭಿಮಾನದಿಂದ ತೊಟ್ಟುಕೊಂಡರು. ಹೀಗೆ ಊರಲ್ಲಿ ಬೂದಿ ಪಾರ್ಟಿ ಹುಟ್ಟಿತು. ನಮ್ಮ ಸಾಲೆಯ ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ ಒಂದು ದಿನ ಮುಂಗುಸಿಗೆ ಜೈ, ಮರುದಿನ ಅದರ ಮೇಲೆ ಗೀಟು. ಹುಡುಗರು ಬೆಂಚು ಬದಲಿಸಿ ಕೂತರು. ಕ್ರಿಕೆಟ್ಟಿಗೆ ಟೀಮು ಆರಿಸುವಾಗಲೂ ಮೊದಲು ಕೇಳುತ್ತಿದ್ದದ್ದು ಯಾವ ಪಾರ್ಟಿ ಎಂದೇ. ಒಂದು ಡಬ್ಬಿಯನ್ನೂ ಸ್ವಂತಕ್ಕೆ ಕಂಡಿರದ, ವಾರಕ್ಕೊಮ್ಮೆ ಪಾವು ತಾಸು ಆಡಲು ಬರುವ ಹುಡುಗರು ಇವರು.

ಜಗಳ ಊರು ದಾಟಿತು. ಕಿತ್ತೂರಿನಲ್ಲಿ ಒಬ್ಬ ಸೈಕಲ್ ಅಂಗಡಿಯವನು ಮುಂಗುಸಿ ಇಟ್ಟ. ಅಣ್ಣ ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಅದರ ರಿಪೇರಿ ಮಾಡಿಕೊಟ್ಟು ಬರುತ್ತಿದ್ದ, ಏನನ್ನೂ ಕೇಳುತ್ತಿರಲಿಲ್ಲ. ರಾಮದುರ್ಗದಲ್ಲಿ ನೇಕಾರರ ಮನೆಯ ಅಣ್ಣತಮ್ಮಂದಿರಿಬ್ಬರು ಬೂದಿ ಅಂಗಡಿ ಹಾಕಿದರು. ಸವದತ್ತಿಯಲ್ಲಿ ಎರಡೂ ಇದ್ದವು. ಕಿತ್ತೂರು ನಮ್ಮದು, ರಾಮದುರ್ಗ ಹೋತು, ಸವದತ್ತಿ ಇನ್ನೂ ಕೈಯಾಗ ಐತಿ ಎಂದು ಅಣ್ಣ ಊಟಕ್ಕೆ ಕೂತಾಗ ಹೇಳುತ್ತಿದ್ದರೆ, ಅಪ್ಪ ತುತ್ತು ಬಾಯಿಗಿಡದೆ ಅವನನ್ನೇ ನೋಡುತ್ತಿದ್ದರು.

ಈದ್ ದಿನ ಗೆಳೆಯನ ಮನೆಯಿಂದ ಮುಚ್ಚಳದ ಡಬ್ಬಿಯಲ್ಲಿ ಶಾವಿಗೆ ಹಾಕಿದ ಸುರಕುಂಬಾ ಬರುತ್ತಿತ್ತು. ಅದು ನಿಲ್ಲಲಿಲ್ಲ. ಅವನ ಅಮ್ಮಿಗೂ ನಮ್ಮವ್ವನಿಗೂ ಈ ಪಾರ್ಟಿಗಳ ಗೊಡವೆ ಇರಲಿಲ್ಲ. ಅಣ್ಣ ಮಾತ್ರ ಅದನ್ನು ತಿನ್ನುವುದು ಬಿಟ್ಟ. ಅವ್ವ ಅವನ ವಾಟಗವನ್ನು ಸಂಜೆಯವರೆಗೆ ಮುಚ್ಚಿಟ್ಟು ಕಾಯುತ್ತಿದ್ದಳು, ಕೊನೆಗೆ ನನಗೆ ಕೊಡುತ್ತಿದ್ದಳು. ಯುಗಾದಿಗೆ ಅದೇ ಡಬ್ಬಿಯಲ್ಲಿ ಹೋಳಿಗೆ ತುಂಬಿ ಕಳಿಸುತ್ತಿದ್ದಳು. ಗೆಳೆಯ ತಿನ್ನುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.

ಆಮೇಲೊಮ್ಮೆ ಹುಡುಗರು ಬಡಿದಾಡಿಕೊಂಡರು. ಸಾಲೆಯ ಹಿಂದಿನ ಬಯಲಲ್ಲಿ ನಡೆದ ಜಗಳದಲ್ಲಿ ಮುಂಗುಸಿ ಪಾರ್ಟಿಯ ಒಬ್ಬ ಹುಡುಗನ ಕೈ ಮುರಿಯಿತು. ಹುಡುಗ ಯಾರ ಪೈಕಿ, ಹೊಡೆದವನು ಯಾರ ಪೈಕಿ ಎಂದು ಬಜಾರದಲ್ಲಿ ಮಾತು ಎದ್ದಿತು. ಆ ಕಾಲದಲ್ಲಿ ಇಂಥ ಮಾತು ಎದ್ದರೆ ಹಿರಿಯರಿಗೆ ನಿದ್ದೆ ಬರುತ್ತಿರಲಿಲ್ಲ. ಎರಡೂ ಕಡೆಯ ಹಿರಿಯರು ಅಪ್ಪನ ಅಂಗಡಿಯಲ್ಲಿ ಕೂಡಿದರು, ಅಣ್ಣನನ್ನೂ ಗೆಳೆಯನನ್ನೂ ಕರೆಸಿದರು. ನಾನು ಹಂಡೆಗಳ ಸಾಲಿನ ಹಿಂದೆ ನಿಂತು ಕೇಳಿದೆ. ಹೊಲದ ಸಂಬಂಧವೇ, ಹುಡುಗಿಯ ಸಂಬಂಧವೇ, ಯಾರಾದರೂ ಯಾರ ದೇವರಿಗಾದರೂ ಏನಾದರೂ ಅಂದರೇ ಎಂದು ಒಂದೊಂದಾಗಿ ಕೇಳಿದರು. ಇಬ್ಬರೂ ಇಲ್ಲವೆಂದು ತಲೆಯಾಡಿಸಿದರು.

“ಮತ್ತ ಯಾಕ ಬಡದಾಡಿದ್ರು ಹುಡುಗ್ರು?” ಎಂದು ಹಿರಿಯರೊಬ್ಬರು ಕೇಳಿದರು.

“ಡಬ್ಬಿ ಸಂಬಂಧರಿ,” ಎಂದ ಗೆಳೆಯ.

“ಯಾವ ಡಬ್ಬಿ?”

ಗೆಳೆಯ ಬಿಡಿಸಿ ಹೇಳಲು ನೋಡಿದ. ಜಪಾನಿನ ಎರಡು ಕಂಪನಿಗಳು, ಒಂದರದು ಕರಿ, ಒಂದರದು ಬೂದು ಎಂದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಇದರ ಹಿಂದೆ ಬೇರೇನೋ ಇದೆ, ಮುಚ್ಚಿಡುತ್ತಿದ್ದಾರೆ ಎಂದೇ ಅವರಿಗೆ ಅನ್ನಿಸಿತು. ಆಗ ಅಣ್ಣ ಬಾಯಿಬಿಟ್ಟ. ಇವ ಹೇಳೂದು ಖರೇ ಐತ್ರಿ, ನಮ್ಮದು ಡಬ್ಬಿ ಜಗಳ, ಮತ್ತ್ಯಾವುದೂ ಅಲ್ಲ ಎಂದ. ಬೇರ್ಪಟ್ಟ ಮೇಲೆ ಇಬ್ಬರೂ ಒಂದೇ ಮಾತಾಡಿದ್ದು ಅದೊಂದೇ ಸಲ. ಹಿರಿಯರು ನಂಬಿದರು, ಅಥವಾ ನಂಬಲು ನಿರ್ಧರಿಸಿದರು. ಕೈ ಹಿಡಿಸಿ ಕಳಿಸಿದರು. ಇಬ್ಬರೂ ಕೈ ಹಿಡಿದರು, ಮುಖ ಮಾತ್ರ ಬೇರೆ ಬೇರೆ ಕಡೆ ಇತ್ತು.

ಆ ಹೊತ್ತಿಗೆ ನಾವು ಸೋಲುತ್ತಿದ್ದೆವು. ಹಳೆಯ ಕ್ಯಾಸೆಟ್ ಆಟಗಳು ಹುಡುಗರಿಗೆ ಬಾಯಿಪಾಠವಾಗಿದ್ದವು. ಬಸ್ ಸ್ಟ್ಯಾಂಡಿನ ಎದುರು ತಿಂಗಳು ತಿಂಗಳು ಹೊಸ ಸೀಡಿ ಬರುತ್ತಿತ್ತು. ಗೋಡೆಯ ಮೇಲೆ ಮುಂಗುಸಿಗೆ ಜೈ ಬರೆದ ಹುಡುಗರೇ ಹಿಂಬಾಗಿಲಿನಿಂದ ಅಲ್ಲಿ ಹೋಗಿ ಆಡಿ ಬರುತ್ತಿದ್ದರು. ಕಿತ್ತೂರಿನ ಸೈಕಲ್ ಅಂಗಡಿಯವನು ಒಂದು ದಿನ ತನ್ನ ಕರಿ ಡಬ್ಬಿಯನ್ನು ಅರಿವೆಯಲ್ಲಿ ಸುತ್ತಿ ತಂದು, ಇದನ್ನ ನೀವ ಇಟಗೋರಿ, ನನಗ ಇದರಿಂದ ಆಗೂದಿಲ್ಲ ಎಂದು ಅಣ್ಣನ ಮುಂದಿಟ್ಟು ಹೋದ. ಅಣ್ಣ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದ. ಯಾರೋ ತಮ್ಮ ಮನೆಯ ಕೂಸನ್ನು ತಂದು ಒಪ್ಪಿಸಿ ಹೋದಂತೆ.

ನಮ್ಮ ಕಂಪನಿ ಹೊಸ ಡಬ್ಬಿ ತೆಗೆಯುತ್ತದೆ ಎಂದು ಅವನು ಹೇಳುತ್ತಿದ್ದದ್ದು ಸುಳ್ಳಾಗಲಿಲ್ಲ. ನಾನು ಬಿ.ಎ. ಮೊದಲ ವರ್ಷದಲ್ಲಿದ್ದಾಗ ಅದು ಬಂತು. ಬಿಳಿ ಬಣ್ಣದ್ದು, ಸೀಡಿಯದು. ಮುಂಬೈಯಲ್ಲಿದ್ದ ಸೋದರಮಾವ ಯಾರ ಯಾರನ್ನೋ ಹಿಡಿದು ತರಿಸಿಕೊಟ್ಟರು. ಅದನ್ನು ಹಚ್ಚಿದ ದಿನ ಹುಡುಗರೆಲ್ಲ ಟಿವಿಗೆ ಒತ್ತಿ ಕೂತರು. ಮುಂಗುಸಿ ಈಗ ಚಪ್ಪಟೆ ಚಿತ್ರವಾಗಿರಲಿಲ್ಲ, ಅದರ ಬೆನ್ನಿನ ಕೂದಲು ಗಾಳಿಗೆ ಅಲುಗುತ್ತಿತ್ತು. ಸಮುದ್ರದ ದಂಡೆಯ ಮೇಲೆ ಓಡುವಾಗ ಹಿಂದಿನಿಂದ ಒಂದು ದೊಡ್ಡ ಮೀನು ಕಟ್ಟಿಗೆಯ ಸೇತುವೆಯನ್ನು ಮುರಿಯುತ್ತ ಬರುತ್ತಿತ್ತು. ಬೂದಿ ಅಂಗಡಿಯಲ್ಲಿ ಅಂಥದ್ದು ಯಾವುದೂ ಇರಲಿಲ್ಲ. ಊರಿಗೆ ಊರೇ ಮತ್ತೆ ನಮ್ಮ ಕೋಣೆಗೆ ಬಂತು. ಯರಗಟ್ಟಿಯಿಂದ, ಚಚಡಿಯಿಂದ ಹುಡುಗರು ಸೈಕಲ್ ತುಳಿದುಕೊಂಡು ಬಂದರು. ಅಪ್ಪ ಕೂಡ ಒಂದು ದಿನ ಬಂದು ಸ್ಟೂಲಿನ ಮೇಲೆ ಕೂತು ಮೀನನ್ನು ನೋಡಿದರು.

ಗೆಳೆಯನೂ ಬಂದ. ಬಾಗಿಲಲ್ಲಿ ಹುಡುಗರ ಹಿಂದೆ ನಿಂತು, ಕುತ್ತಿಗೆ ಎತ್ತಿ ಒಂದು ಆಟ ಪೂರ್ತಿ ನೋಡಿದ. ಅಣ್ಣನಿಗೆ ಅವನು ಬಂದದ್ದು ಗೊತ್ತಿತ್ತು, ಕಿವಿಯ ತುದಿ ಕೆಂಪಾಗಿತ್ತು. ಕೊನೆಗೆ ಗೆಳೆಯ, ಭಾರಿ ಐತಿಲೇ, ಖರೇನ ಭಾರಿ ಐತಿ ಎಂದ. ಅಣ್ಣ ತಿರುಗಿ ನೋಡಲಿಲ್ಲ. ಹೂಂ ಎಂದ. ಗೆಳೆಯ ಇನ್ನೂ ಸ್ವಲ್ಪ ಹೊತ್ತು ನಿಂತು ಹೋದ. ಒಳಗೆ ಕರೆದಿದ್ದರೆ ಬರುತ್ತಿದ್ದ ಎಂದು ನನಗೆ ಅನ್ನಿಸಿತ್ತು. ಅಣ್ಣನಿಗೆ ಆಗ ಬೇಕಿದ್ದದ್ದು ಗೆಲ್ಲುವುದು. ಎಷ್ಟೋ ವರ್ಷ ಕಾದಿದ್ದ, ಅಷ್ಟು ಬೇಗ ಯಾರಿಗೂ ಅದನ್ನು ಹಂಚಿಕೊಡುವ ಮನಸ್ಸು ಅವನಿಗಿರಲಿಲ್ಲ.

ಆ ವೈಭವ ಒಂದು ಬೇಸಿಗೆಯಿಂದ ಇನ್ನೊಂದು ಬೇಸಿಗೆ ಮುಟ್ಟಲಿಲ್ಲ.

ಸುದ್ದಿ ತಂದವನು ಗೆಳೆಯನೇ. ಒಂದು ಸಂಜೆ ಅಂಗಡಿಗಲ್ಲ, ಮನೆಗೆ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು, ಮೊದಲು ಅವ್ವನ ಆರೋಗ್ಯ ವಿಚಾರಿಸಿದ. ಆಮೇಲೆ ಅಣ್ಣನ ಎದುರು ಕೂತ. ಹುಬ್ಬಳ್ಳಿಯಲ್ಲಿ ಸೀಡಿ ತರುವ ಕಡೆ ಇಂಟರ್ನೆಟ್ಟಿನಲ್ಲಿ ತೋರಿಸಿದರು ಎಂದು ಮಾತು ಶುರು ಮಾಡಿದ.

“ನಿಮ್ಮ ಕಂಪನಿ ಇನ್ನ ಡಬ್ಬಿ ಮಾಡೂದಿಲ್ಲಂತ. ಬಂದ್ ಮಾಡೇತಿ. ಇನ್ನ ಮ್ಯಾಲ ಬರೇ ಆಟಾ ಮಾಡ್ತಾರಂತ, ಬ್ಯಾರೆ ಕಂಪನಿ ಡಬ್ಬಿಗೆ.”

ಅಣ್ಣ ಅವನನ್ನೇ ನೋಡಿದ. “ಇದನ್ನ ಹೇಳಾಕ ಮನೀತನಕಾ ಬಂದಿ?”

“ಬ್ಯಾರೇವ್ರ ಬಾಯಿಂದ ಕೇಳಬಾರ್ದು ಅಂತ ಬಂದೆ.”

ಅಣ್ಣ ಎದ್ದು ಹೊರಗೆ ಹೋದ. ಗೆಳೆಯ ಪಡಸಾಲೆಯಲ್ಲಿ ಒಬ್ಬನೇ ಕೂತುಳಿದ. ಅವ್ವ ಯಥಾಪ್ರಕಾರ ಚಹಾ ತಂದಿಟ್ಟಳು. ಅವನು ಬಸಿಗೆ ಹೊಯ್ದುಕೊಂಡು ಮೆಲ್ಲಗೆ ಕುಡಿದ, ಅಣ್ಣ ಮರಳಿ ಬರಬಹುದೆಂದು. ಬರಲಿಲ್ಲ. ಬೂದಿ ಪಾರ್ಟಿಯವರು ಹಬ್ಬಿಸಿದ ಸುಳ್ಳು ಇದು ಎಂದು ಅಣ್ಣ ಮರುದಿನ ಅಂಗಡಿಯಲ್ಲಿ ಹುಡುಗರಿಗೆ ಹೇಳಿದ್ದು ನನಗೆ ಗೊತ್ತಾಯಿತು.

ಹಾಗಂದರೂ ಅವನ ಜೀವ ಕೇಳಲಿಲ್ಲ. ನನ್ನನ್ನು ಜೊತೆಗೆ ಕರೆದುಕೊಂಡು ಬೆಳಗಾವಿಗೆ ಹೋದ. ಮೊದಲ ಕರಿ ಡಬ್ಬಿ ತಂದಿದ್ದ ಅದೇ ಅಂಗಡಿ. ಅಂಗಡಿಯವರು ಗಿರಾಕಿಗಳಿಗೆ ಮೊಬೈಲ್ ಫೋನು ತೋರಿಸುತ್ತಿದ್ದರು. ಅಣ್ಣ ಕೇಳಿದ್ದಕ್ಕೆ, ಹೌದರಿ, ಆ ಮಾಲು ಬರೂದು ನಿಂತೈತಿ ಎಂದರು. ಯಾಕೆ ನಿಂತಿತು ಎಂದು ಅಣ್ಣ ಕೇಳಿದ. ಅದಕ್ಕೆ ಅವರು, ಓಡಲಿಲ್ಲ ಅಂತ ಕಾಣತೈತಿ, ನೀವು ಆ ಬೂದಿ ಡಬ್ಬಿ ಕಂಪನೀದು ತಗೋರಿ, ಅದರ ಹೊಸಾದು ಬಂದೈತಿ, ಈಗ ಕರಿ ಬಣ್ಣದಾಗ ಸಿಗತೈತಿ ಎಂದು ಖೋಕೆ ತೆಗೆದು ಕೌಂಟರಿನ ಮೇಲಿಟ್ಟರು. ಅಣ್ಣ ಆ ಖೋಕೆಯನ್ನು ಮುಟ್ಟಲಿಲ್ಲ. ಬಸ್ಸಿನಲ್ಲಿ ಮರಳಿ ಬರುವಾಗ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಹತ್ತಿರಲಿಲ್ಲ. ಸತ್ತದ್ದು ಮನುಷ್ಯನಾಗಿದ್ದರೆ ಹೇಳುವ ಮಾತುಗಳಿರುತ್ತವೆ.

ಬಿಳಿ ಡಬ್ಬಿಗೆ ಹೊಸ ಆಟ ಬರುವುದು ನಿಂತಿತು. ಅಣ್ಣ ಶಟರ್ ತೆಗೆಯುವುದು ನಿಲ್ಲಿಸಲಿಲ್ಲ. ಕಂಪನಿ ಮತ್ತೆ ಮಾಡತೈತಿ, ಇಷ್ಟು ಮಂದಿ ಅದರ ಬೆನ್ನಿಗಿದ್ದಾಗ ಹಂಗ ಬಿಟ್ಟು ಹೋಗಾಕಾಗೂದಿಲ್ಲ ಎನ್ನುತ್ತಿದ್ದ. ಇಷ್ಟು ಮಂದಿ ಎಂದರೆ ಆ ಹೊತ್ತಿಗೆ ಅವನೊಬ್ಬ, ಜೊತೆಗೆ ಬೇರೆ ಕಡೆ ಆಡಲು ಕೈಯಲ್ಲಿ ದುಡ್ಡಿಲ್ಲದ ಕೆಲವು ಹುಡುಗರು.

ಒಂದು ಮಧ್ಯಾಹ್ನ ಒಬ್ಬ ಹುಡುಗ ಓಡಿ ಬಂದು, ಮುಂಗುಸಿ ಬೂದಿ ಅಂಗಡಿಯಲ್ಲಿದೆ ಎಂದ. ಅಣ್ಣನಿಗೆ ಅರ್ಥವಾಗಲಿಲ್ಲ. ಹುಡುಗ ಮತ್ತೆ ಹೇಳಿದ, ಅಲ್ಲಿ ಟಿವಿಯಲ್ಲಿ ಮುಂಗುಸಿ ಓಡುತ್ತಿದೆ, ತಾನು ಕಣ್ಣಾರೆ ನೋಡಿ ಬಂದೆ ಎಂದ. ನಾನು ಅಪ್ಪನಿಗೆ ಬುತ್ತಿ ಕೊಡಲು ಬಂದಿದ್ದೆ. ಅಣ್ಣ ಚಪ್ಪಲಿಯನ್ನೂ ಮೆಟ್ಟದೆ ಹೊರಟ, ನಾನು ಹಿಂದೆ ನಡೆದೆ. ಅಷ್ಟು ವರ್ಷಗಳಲ್ಲಿ ಅವನು ಆ ಅಂಗಡಿಯ ಹೊಸ್ತಿಲು ತುಳಿದದ್ದು ಅದೇ ಮೊದಲು.

ಒಳಗೆ ಹುಡುಗರು ದಾರಿ ಬಿಟ್ಟರು. ಟಿವಿಯ ಮೇಲೆ ನಿಜವಾಗಿಯೂ ಮುಂಗುಸಿಯೇ. ಕೆಳಗೆ ಅದನ್ನು ಓಡಿಸುತ್ತಿದ್ದದ್ದು ಎದುರು ಕಂಪನಿಯ ಡಬ್ಬಿ. ಗೆಳೆಯ ಎದ್ದು ನಿಂತ. ಅವನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ, ಹೆದರಿಕೆ ಇತ್ತು. ಆಡುತ್ತಿದ್ದ ಹುಡುಗನ ಕೈಯಿಂದ ರಿಮೋಟ್ ತೆಗೆದು ಅಣ್ಣನ ಮುಂದೆ ಹಿಡಿದ.

“ಆಡಲೇ. ನಿಂದ ಐತಿ ಇದು.”

ಅಣ್ಣ ತೆಗೆದುಕೊಂಡ. ಕೂರಲಿಲ್ಲ, ನಿಂತೇ ಆಡಿದ. ಅವನ ಕೈಗೆ ಆ ಪ್ರಾಣಿಯ ಓಟ ಗೊತ್ತಿತ್ತು, ಹೊಸ ಆಟವಾದರೂ ಎಲ್ಲಿಯೂ ಎಡವಲಿಲ್ಲ. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು, ಅವನಂತೆ ಆ ಮುಂಗುಸಿಯನ್ನು ಓಡಿಸುವವರು ನಮ್ಮ ಸೀಮೆಯಲ್ಲಿ ಯಾರೂ ಇರಲಿಲ್ಲ. ಮೊದಲ ಸ್ಟೇಜು ಮುಗಿಯಿತು. ಎರಡನೆಯದು ಶುರುವಾಗುವ ಮೊದಲು ಪರದೆಯ ಮೂಲೆಯಲ್ಲಿ ನಮ್ಮ ಕಂಪನಿಯ ಗುರುತು ಸಣ್ಣದಾಗಿ ಮೂಡಿ ಹೋಯಿತು. ಅಣ್ಣ ರಿಮೋಟನ್ನು ಡಬ್ಬಿಯ ಮೇಲೆ ಮೆಲ್ಲಗೆ, ಸದ್ದಾಗದಂತೆ ಇಟ್ಟು ಹೊರಬಂದ. ರಸ್ತೆಯಲ್ಲಿ ಬಿಸಿಲಿಗೆ ಡಾಂಬರು ಕಾದಿತ್ತು, ಬರಿಗಾಲಲ್ಲಿ ಅವನು ಅವಸರವಿಲ್ಲದೆ ನಡೆದ. ನಾನು ಏನೋ ಕೇಳಲು ಹೋದಾಗ, ಏನೂ ಇಲ್ಲ, ನಡಿ, ಅಪ್ಪಾರ ಊಟ ಆಗಿರಬೇಕು ಎಂದ. ಮರುದಿನದಿಂದ ಶಟರ್ ತೆಗೆಯಲಿಲ್ಲ.

ಗೆದ್ದವರ ಅಂಗಡಿಯೂ ಬಹಳ ದಿನ ಉಳಿಯಲಿಲ್ಲ. ಮನೆ ಮನೆಗೆ ಕಂಪ್ಯೂಟರ್ ಬಂತು, ಆಮೇಲೆ ಮೊಬೈಲ್. ಬಸ್ ಸ್ಟ್ಯಾಂಡಿನ ಎದುರಿನ ಜಾಗದಲ್ಲಿ ಔಷಧಿ ಅಂಗಡಿ ಬಂತು. ಗೆಳೆಯನ ಅಬ್ಬಾ ತೀರಿಕೊಂಡ ಮೇಲೆ ಅವನ ಮನೆಯವರು ಓಣಿ ಬಿಟ್ಟರು, ಹೇಳಿಹೋಗಲು ಗೆಳೆಯ ಬಂದಾಗ ಅಣ್ಣ ಮನೆಯಲ್ಲಿರಲಿಲ್ಲ. ಆ ಎರಡು ಪಾರ್ಟಿಗಳ ಹುಡುಗರು ದೊಡ್ಡವರಾಗಿ ಬಜಾರದಲ್ಲಿ ಎದುರಾದರೆ, ಯಾರು ಯಾವ ಕಡೆಯವರಾಗಿದ್ದರು ಎಂಬುದು ಅವರಿಗೇ ನೆನಪಿರುತ್ತಿರಲಿಲ್ಲ. ಕೈ ಮುರಿದುಕೊಂಡ ಹುಡುಗ ಒಮ್ಮೆ ಅಂಗಡಿಗೆ ಕುಕ್ಕರ್ ಕೊಳ್ಳಲು ಬಂದಿದ್ದ. ಅಣ್ಣ ಅವನ ಮೊಣಕೈಯನ್ನೇ ನೋಡುತ್ತ ನಿಂತನಂತೆ. ಅದು ಹೇಗೆ ಮುರಿಯಿತೆಂದು ಕೇಳಿದರೆ, ಸಣ್ಣಾವಿದ್ದಾಗ ಗಿಡದ ಮೇಲಿಂದ ಬಿದ್ದಿದ್ದೆ ಎಂದನಂತೆ.

ಅಪ್ಪನ ನಂತರ ಬಾಂಡೆ ಅಂಗಡಿ ಅಣ್ಣನದಾಯಿತು. ನನ್ನನ್ನು ರಾಮದುರ್ಗಕ್ಕೆ ಕೊಟ್ಟರು. ಮನೆಯಲ್ಲಿಟ್ಟಿದ್ದ ಬಿಳಿ ಡಬ್ಬಿಯ ಲೆನ್ಸು ಹೋಗಿ ಸೀಡಿ ಓದುವುದು ನಿಂತಾಗ, ಅಣ್ಣ ಹಾಳಾದ ಯಾವುದೋ ಸೀಡಿ ಪ್ಲೇಯರುಗಳ ಲೆನ್ಸು ತೆಗೆದು ಕೂರಿಸಲು ನೋಡಿದ. ಒಂದೂ ಹೊಂದಲಿಲ್ಲ. ಮದುವೆ ಮಾಡಿಕೊಂಡ, ಮಕ್ಕಳಾದವು. ದುಡಿಮೆಗೇನೂ ಕೊರತೆಯಿರಲಿಲ್ಲ. ಆದರೆ ಯಾವುದೇ ಮಾತಿಗೂ ಹೌದು ಇಲ್ಲ ಎನ್ನುವುದನ್ನು ಬಿಟ್ಟಿದ್ದ. ಚುನಾವಣೆಯಿರಲಿ, ಕ್ರಿಕೆಟ್ಟಿರಲಿ, ಗಿರಾಕಿಗಳು ಎರಡು ಗುಂಪಾಗಿ ವಾದಕ್ಕಿಳಿದರೆ ಎದ್ದು ಒಳಗೆ ಹೋಗುತ್ತಿದ್ದ.

ಗೆಳೆಯ ಉಗರಗೋಳದಲ್ಲಿದ್ದಾನೆ, ಎಲ್ಲಮ್ಮನ ಗುಡ್ಡಕ್ಕೆ ಬರುವವರಿಗಾಗಿ ಬಳೆ, ಆಟಿಗೆ ಸಾಮಾನಿನ ಅಂಗಡಿ ಇಟ್ಟಿದ್ದಾನೆ ಎಂದು ನನ್ನ ಗಂಡನ ಕಡೆಯವರೊಬ್ಬರು ಹೇಳಿದ್ದರು. ಅಣ್ಣ ನನ್ನನ್ನು ತವರಿಗೆ ಕರೆದೊಯ್ಯಲು ರಾಮದುರ್ಗಕ್ಕೆ ಬಂದಾಗ ನಾನೇ ಹಟ ಹಿಡಿದು ಸವದತ್ತಿಯಲ್ಲಿ ಇಳಿಸಿದೆ. ಅವನು ಬೇಡವೆನ್ನಲಿಲ್ಲ. ಟಂಟಂ ರಿಕ್ಷಾದಲ್ಲಿ ಉಗರಗೋಳಕ್ಕೆ ಹೋದೆವು. ಅಮವಾಸ್ಯೆಯೂ ಅಲ್ಲ, ಹುಣ್ಣಿಮೆಯೂ ಅಲ್ಲ, ಜನ ಇರಲಿಲ್ಲ. ಅಂಗಡಿಯ ಮುಂದೆ ಹಸಿರು ಬಳೆಗಳ ಸರ, ಪ್ಲಾಸ್ಟಿಕ್ ಬಂದೂಕು, ಗಾಳಿಗೆ ತಿರುಗುವ ಗಿರಗಿಟ್ಲೆ. ಗೆಳೆಯ ಒಳಗೆ ಪೇಪರ್ ಓದುತ್ತಿದ್ದ. ಗಡ್ಡದಲ್ಲಿ ಬಿಳಿ ಬಂದಿತ್ತು. ತಲೆ ಎತ್ತಿ ನೋಡಿದ, ಗುರುತು ಹಿಡಿದ, ಎದ್ದು ನಿಂತ.

“ಬರ್ರಿ,” ಎಂದ ಅಣ್ಣನಿಗೆ. “ಕುಂದರ್ರಿ. ಆರಾಮ ಅದೀರಿ?”

ಅಣ್ಣ ಚಪ್ಪಲಿ ಬಿಟ್ಟು ಸ್ಟೂಲಿನ ತುದಿಗೆ ಕೂತ. ಆಮೇಲೆ, “ಆರಾಮ ಅದೇನ್ರಿ. ನೀವು?” ಎಂದ.

ಗೆಳೆಯ ಚಹಾ ತರಿಸಿದ. ಅವ್ವ ತೀರಿಕೊಂಡದ್ದು ತನಗೆ ತಡವಾಗಿ ತಿಳಿಯಿತು, ಬರಲಾಗಲಿಲ್ಲ ಎಂದ. ಇರಲಿ ಬಿಡ್ರಿ ಎಂದ ಅಣ್ಣ. ಈ ವರ್ಷ ಗುಡ್ಡಕ್ಕೆ ಬರುವ ಜನ ಹೇಗೆ, ಸ್ಟೀಲಿನ ಧಾರಣೆ ಹೇಗೆ, ಮಕ್ಕಳು ಯಾವ ಇಯತ್ತೆ ಎಂದು ಒಬ್ಬರನ್ನೊಬ್ಬರು ಕೇಳಿದರು, ಉತ್ತರ ಕೊಟ್ಟರು. ಬೀಗರು ಮಾತಾಡಿದ ಹಾಗಿತ್ತು. ಸಿಟ್ಟು ಉಳಿದಿದ್ದರೂ ಆಗುತ್ತಿತ್ತು ಎಂದು ನನಗೆ ಅನ್ನಿಸಿತು, ಸಿಟ್ಟಿನಲ್ಲಾದರೂ ಲೇ ಎನ್ನಬಹುದಿತ್ತು. ಆ ಕೋಣೆಯ, ಆ ಆಟದ ಮಾತನ್ನು ಇಬ್ಬರೂ ಎತ್ತಲಿಲ್ಲ. ನಾನು ಎತ್ತಲು ನೋಡಿ, ನೀರಿನ ಸುರಂಗದ ನೆನಪು ಮಾಡಿದೆ. ಗೆಳೆಯ ಸೌಜನ್ಯದಿಂದ ನಕ್ಕು, ಹೌದರಿ, ಸಣ್ಣ ಹುಡುಗ್ರ ಹುಚ್ಚು ಎಂದ. ಅಣ್ಣನೂ ತಲೆಯಾಡಿಸಿದ.

ಹೊರಡುವಾಗ ಗೆಳೆಯ ನನ್ನ ಮಗಳಿಗೆಂದು ಬಳೆ ಕಟ್ಟಿಕೊಟ್ಟ. ಸವದತ್ತಿಯಿಂದ ಬೈಲಹೊಂಗಲದ ಬಸ್ಸು ಎಷ್ಟೊತ್ತಿಗೆ ಇರುತ್ತದೆ, ಎಲ್ಲಿ ನಿಂತರೆ ಸೀಟು ಸಿಗುತ್ತದೆ ಎಂದು ವಿವರವಾಗಿ ಹೇಳಿದ. ಮತ್ತೆ ಬರ್ರಿ ಎಂದ. ಬರತೇವ್ರಿ ಎಂದ ಅಣ್ಣ. ಇಬ್ಬರಿಗೂ ಗೊತ್ತಿತ್ತು, ಬರುವುದಿಲ್ಲವೆಂದು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಯರಗಟ್ಟಿ ದಾಟಿದ ಮೇಲೆ ಅಣ್ಣ, ಆ ಕಂಪನಿಯವರಿಗೆ ಬೈಲಹೊಂಗಲ ಅನ್ನೂ ಊರು ಐತಿ ಅಂತ ಗೊತ್ತ ಇದ್ದಿರಾಕಿಲ್ಲ ಅಲ್ಲಾ ಎಂದು ನನ್ನನ್ನು ಕೇಳಿದ. ಇದ್ದಿರಾಕಿಲ್ಲ ಎಂದೆ. ಅವನು ಹೂಂ ಎಂದು, ಮುಂದಿನ ಸೀಟಿನ ಸರಳನ್ನು ಹಿಡಿದು, ಹೊರಗೆ ನೋಡತೊಡಗಿದ. ಎರಡೂ ಕಡೆ ಜೋಳದ ಕೊಯ್ಲು ಮುಗಿದು ಕರಿ ಹೊಲಗಳು ಬರಿದಾಗಿದ್ದವು.